ಬಿಟ್ಟಿ ಅನ್ನೋ ಮಾತಿನ ಹಿಂದಿನ ಕಥಿ

ಅಕ್ಕಾರ, ಅತ್ತಿಯಾರ, ಈ ಸಲ ಅಡಿಗಿ ಮಾತು ಬಿಟ್ಟು ಒಂದು ಶಬ್ದದ ಮಾತು ಬರೀತೀನಿ. ಆ ಶಬ್ದ "ಬಿಟ್ಟಿ". 2023ರಿಂದ ಈಚಿಗೆ ನಮ್ಮ ಕಾನಹೊಸಹಳ್ಳಿ ಬಸ್ ಸ್ಟ್ಯಾಂಡಿನಾಗ, ರೇಷನ್ ಅಂಗಡಿ ಸಾಲಿನಾಗ, ಮದುವಿ ಮನಿ ಪಂಕ್ತಿಯೊಳಗ ಈ ಶಬ್ದ ಕೇಳದ ದಿನ ಇಲ್ಲ. ಬಿಟ್ಟಿ ಬಸ್ಸು, ಬಿಟ್ಟಿ ಅಕ್ಕಿ, ಬಿಟ್ಟಿ ಎರಡು ಸಾವಿರ. ಗಂಡಸರಷ್ಟ ಹೇಳ್ತಾರ ಅನ್ನಬ್ಯಾಡ್ರಿ, ನಾವೂ ಹೇಳ್ತೀವಿ. ನಮ್ಮ ಖಾತೆಗೆ ಬಂದ್ರ ಅದು ಸವಲತ್ತು, ಓಣಿ ಆ ಕಡಿ ಮನಿಯಾಕಿಗೆ ಬಂದ್ರ ಬಿಟ್ಟಿ.

ಈ ಶಬ್ದಕ್ಕ ಮದಲು ಬ್ಯಾರೆನ ಅರ್ಥ ಇತ್ತು. ಹಳೇ ಕನ್ನಡ ಶಾಸನಗಳಲ್ಲಿ ಬಿಟ್ಟಿ ಅಂದ್ರ ಕೂಲಿ ಇಲ್ಲದ ಕಡ್ಡಾಯ ದುಡಿಮೆ. ಸಂಸ್ಕೃತದಾಗ "ವಿಷ್ಟಿ" ಅಂತಾರಲ್ಲ, ಅದ ಇದು. ಅರಸರ ಕ್ವಾಟಿಗೆ ಕಲ್ಲು ಹೊರೋದು, ಅಧಿಕಾರಿ ಬಂದ್ರ ಅವರ ಸಾಮಾನು ಹೊತ್ತು ಮುಂದಿನ ಊರಿಗೆ ಮುಟ್ಟಿಸೋದು, ದೊಡ್ಡವರ ಮನಿ ಕಸ ಮುಸುರಿ ಮಾಡೋದು ಇವೆಲ್ಲ ಬಿಟ್ಟಿ. "ಬಿಟ್ಟಿ ಚಾಕರಿ" ಅನ್ನೋ ಮಾತಿನಾಗ ಆ ಹಳೇ ಅರ್ಥ ಇನ್ನೂ ಉಳಿದೈತಿ. ನೂರಾರು ವರ್ಷ ಬಿಟ್ಟಿ ಕೊಟ್ಟೋರು ಬಡವರು, ತಗೊಂಡೋರು ಆಳೋರು. ಈಗ ಬಡವರು ತಗೊಂಡದ್ದಕ್ಕ ಆ ಹೆಸರು ಬಂದೈತಿ. ನಡುವ ಏನಾತು ಅನ್ನೋದನ್ನ ನನಗ ಗೊತ್ತಿದ್ದಷ್ಟು ಹೇಳ್ತೀನಿ.

ಕಣದಾಗಿನ ಆಯ, ಜಾತ್ರ್ಯಾಗಿನ ದಾಸೋಹ

ತಗೋಳೋದು ಅಂದ್ರ ನಾಚಿಕಿ ಅಂತ ನಮ್ಮ ಹಿರಿಯರು ಎಲ್ಲಾ ಕಾಲಕ್ಕೂ ತಿಳಿದಿರಲಿಲ್ಲ. ಸುಗ್ಗಿ ಕಣದಾಗ ರಾಶಿ ಆದ ಮ್ಯಾಲೆ ಕಮ್ಮಾರ, ಬಡಿಗೇರ, ಅಗಸ, ತಳವಾರ ಇಂಥ ಆಯಗಾರರಿಗೆ ಪಾಲು ಅಳೀತಿದ್ರು. ಅದಕ್ಕ ಆಯ ಅಂತಿದ್ರು. ವರ್ಷವಿಡೀ ಊರಿಗೆ ಮಾಡಿದ ಕೆಲಸಕ್ಕ ಅದು ಅವರ ಹಕ್ಕು, ಯಾರೂ ದಾನ ಅಂತಿರಲಿಲ್ಲ. ಹಂಗಂತ ಆ ಕಾಲ ಚಂದಿತ್ತು ಅಂತ ನಾ ಹೇಳಂಗಿಲ್ಲ. ಕೇರಿಯವರಿಗೆ ಪಾಲು ಸಣ್ಣದು, ಅದನ್ನೂ ದೂರ ನಿಂತು ಸೆರಗೊಡ್ಡಿ ತಗೋಬೇಕಿತ್ತು. ಹೆಣ್ಮಕ್ಕಳು ಕಳೆ ತಗದದ್ದು, ಕುಟ್ಟಿದ್ದು, ಬೀಸಿದ್ದು ಯಾವ ಆಯದಾಗೂ ಬರತಿರಲಿಲ್ಲ.

ದಾಸೋಹದ್ದು ಇನ್ನೊಂದು ರೀತಿ. ಕೊಟ್ಟೂರು ಜಾತ್ರಿಗೆ ನಡಕೊಂಡು ಹೋಗೋರಿಗೆ ದಾರಿಯುದ್ದಕ್ಕೂ ಅನ್ನ ನೀಡ್ತಾರ. ಸಾಹುಕಾರ್ರೂ ಉಣ್ತಾರ, ಕೂಲಿ ಮಾಡೋರೂ ಉಣ್ತಾರ. "ನಿನಗ ಖರೇ ಹಸಿವೈತೇನು?" ಅಂತ ಯಾರೂ ಕೇಳಂಗಿಲ್ಲ. ಉಂಡೋರನ್ನ ಸೋಮಾರಿ ಅನ್ನಂಗಿಲ್ಲ. ಹಸಿವಿಗೆ ಪರೀಕ್ಷೆ ಇಡೋ ಪದ್ಧತಿ ನಮ್ಮ ಸೀಮಿಗೆ ಬಂದದ್ದು ಬ್ಯಾರೆ ಕಡಿಯಿಂದ, ಅದೂ ಬಲು ಕೆಟ್ಟ ಕಾಲದಾಗ.

ಧಾತು, ಈಶ್ವರ ಸಂವತ್ಸರದ ಬರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮಿ ಎಲ್ಲಾ ಆಗ ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಯೊಳಗಿತ್ತು. 1876ರಾಗ ಮಳಿ ಕೈಕೊಟ್ಟಿತು. ಆ ವರ್ಷದ ಹೆಸರು ಧಾತು, ಮುಂದಿನದು ಈಶ್ವರ. ಎರಡೂ ವರ್ಷ ಸೇರಿ ಬಿದ್ದ ಬರಕ್ಕ ಜನ ಆ ಹೆಸರನ್ನ ಇಟ್ಟಾರ. ಬಳ್ಳಾರಿಗೆ ಅಷ್ಟೊತ್ತಿಗೆ ರೈಲು ಬಂದಿತ್ತು. ಕಾಳು ತರಾಕ ದಾರಿ ಇತ್ತು, ಕೊಳ್ಳಾಕ ಜನರ ಕೈಯಾಗ ರೊಕ್ಕ ಇರಲಿಲ್ಲ.

ಮದ್ರಾಸ್ ಸರಕಾರ ಮದಲು ಸ್ವಲ್ಪ ಧಾರಾಳ ಇತ್ತು. ಕಾಳು ಖರೀದಿ ಮಾಡಿತು, ರಸ್ತಿ ಕೆರಿ ಕೆಲಸ ತಗದು ಕೂಲಿ ಕೊಟ್ಟಿತು. ಕಲ್ಕತ್ತಾದಾಗಿದ್ದ ವೈಸರಾಯ್ ಲಾರ್ಡ್ ಲಿಟ್ಟನ್‌ಗೆ ಇದು ಸೇರಲಿಲ್ಲ. 1877ರ ಜನವರಿ 1ಕ್ಕ ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಆದಳು ಅಂತ ದೆಹಲಿಯಲ್ಲಿ ದೊಡ್ಡ ದರ್ಬಾರು ಮಾಡಿದ. ಅದ ತಿಂಗಳು ಖರ್ಚು ಕಡಿಮಿ ಮಾಡ್ಸಾಕ ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನ ದಕ್ಷಿಣಕ್ಕ ಕಳಿಸಿದ.

ಈ ಟೆಂಪಲ್ಲನ ಹಿಂದಿನ ಕಥಿ ಕೇಳಬೇಕು. 1873-74ರಾಗ ಬಿಹಾರದಾಗ ಬರ ಬಿದ್ದಾಗ ಇದ ಮನಷಾ ಬರ್ಮಾದಿಂದ ಹಡಗಿನಾಗ ಅಕ್ಕಿ ತರಿಸಿ ಹಂಚಿದ್ದ. ಹಸಿದು ಸತ್ತೋರು ಬಹಳ ಕಡಿಮಿ. ಅದಕ್ಕ ಹೊಗಳಿಕಿ ಬರಬೇಕಿತ್ತು, ಬಂದದ್ದು ಬೈಗಳ. ಸರಕಾರದ ರೊಕ್ಕ ಸುರುವಿದ, ಬದುಕಿಸೋದು ಸರಕಾರದ ಕೆಲಸ ಅಂತ ಜನರಿಗೆ ಚಟ ಹಚ್ಚಿದ ಅಂತ ಇಂಗ್ಲೆಂಡಿನ ಪತ್ರಿಕೆಯವರು ತರಾಟೆಗೆ ತಗೊಂಡ್ರು. ಬೈಸಿಕೊಂಡ ಮನಷಾ ನಮ್ಮ ಸೀಮಿಗೆ ಬರೋದರಾಗ ಪೂರಾ ಬದಲಾಗಿ ಬಂದ.

ಬಂದವನ ಕೂಲಿ ಇಳಿಸಿದ. ಬರಗಾಲದ ಕೆಲಸಕ್ಕ ಬಂದ ಗಂಡಾಳಿಗೆ ದಿನಕ್ಕ ಒಂದೂವರಿ ಪೌಂಡ್ ಕಾಳಿನ ಲೆಕ್ಕ ಇತ್ತು. ಅದನ್ನ ಒಂದು ಪೌಂಡ್ ಕಾಳು, ಮ್ಯಾಲೆ ಒಂದಿಷ್ಟು ಚಿಲ್ಲರೆ ರೊಕ್ಕ ಅಂತ ಮಾಡಿದ. ಒಂದು ಪೌಂಡ್ ಅಂದ್ರ ಈಗಿನ ಅರ್ಧ ಕೇಜಿಗೂ ಕಡಿಮಿ, ಸುಮಾರು 450 ಗ್ರಾಂ. ಹೆಣ್ಣಾಳಿಗೆ ಅದಕ್ಕಿಂತ ಕಡಿಮಿ, ಮಕ್ಕಳಿಗೆ ಇನ್ನೂ ಕಡಿಮಿ. ಇದನ್ನ ತಗೊಂಡು ದಿನಾ ಕಲ್ಲು ಒಡೀಬೇಕು, ಮಣ್ಣು ಹೊರಬೇಕು. ಇಷ್ಟು ಕಡಿಮಿ ಕೊಟ್ರೂ ಬರೋರು ಖರೇವಂದ್ರ ಹಸಿದೋರು, ಬಾಕಿಯವರು ತಾವಾಗಿ ಉದುರಿ ಹೋಗ್ತಾರ ಅನ್ನೋದು ಲೆಕ್ಕಾಚಾರ. ಇನ್ನೊಂದು "ದೂರದ ಪರೀಕ್ಷೆ". ಊರ ಮಗ್ಗುಲಾಗ ಕೆಲಸ ಕೊಟ್ರ ಎಲ್ಲರೂ ಬರ್ತಾರ, ದೂರ ಇಟ್ರ ಅಗದೀ ಗತಿ ಇಲ್ಲದೋರಷ್ಟ ನಡಕೊಂಡು ಬರ್ತಾರ ಅಂತ.

ಈಗ ಮನಿ ನಡಸೋ ನಾವು ಯೋಚನೆ ಮಾಡೋಣ. ದೂರದ ಕೆಲಸಕ್ಕ ಯಾರು ಹೋಗ್ತಾರ? ಕಾಲಾಗ ಶಕ್ತಿ ಇದ್ದೋರು. ಬಾಣಂತಿ ಹೋಗ್ತಾಳೇನು? ಕಣ್ಣು ಮಂಜಾದ ಅತ್ತಿ ಹೋಗ್ತಾಳೇನು? ಹಾಲು ಬತ್ತಿದ ಎದಿಗೆ ಕೂಸು ಹಾಕ್ಕೊಂಡಾಕಿ ಹೋಗ್ತಾಳೇನು? ಸೋಮಾರಿಗಳನ್ನ ಸೋಸಾಕ ಇಟ್ಟ ಜರಡಿಯೊಳಗ ಕೆಳಗ ಬಿದ್ದೋರು ಅಗದೀ ಬಡಕಲಾದೋರು.

ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಆಗಲೇ ಜಗಳ ತಗದ. ಒಂದು ಪೌಂಡ್ ಕಾಳಿನಾಗ ದುಡಿಯೋ ಮನಷಾ ಬದುಕಂಗಿಲ್ಲ, ಬ್ಯಾಳಿ ಬೇಕು, ಕಾಯಿಪಲ್ಯ ಬೇಕು ಅಂತ ವಾದ ಮಾಡಿದ. 1877ರ ಮೇ ತಿಂಗಳ ಹೊತ್ತಿಗೆ ಕೂಲಿ ಏರಿಸಿದ್ರು. ಅಷ್ಟರಾಗ ಹೋಗೋರು ಹೋಗಿದ್ರು. ಮದ್ರಾಸಿನ ಪತ್ರಿಕೆ ಸಂಪಾದಕ ವಿಲಿಯಂ ಡಿಗ್ಬಿ ಈ ಬರದ ಮ್ಯಾಲೆ 1878ರಾಗ ಎರಡು ದಪ್ಪ ಸಂಪುಟ ಬರೆದಾನ. ಬಳ್ಳಾರಿ ಜಿಲ್ಲೆಯ ಲೆಕ್ಕ ಬೇಕಂದ್ರ ಎರಡು ಜನಗಣತಿ ನೋಡಿದ್ರ ಸಾಕು. 1871ರಾಗ ಇದ್ದದ್ದಕ್ಕಿಂತ 1881ರಾಗ ಹತ್ತಿರ ಹತ್ತಿರ ಐದರಾಗ ಒಂದು ಪಾಲು ಜನ ಕಡಿಮಿ. ಸತ್ತೋರು ಸತ್ರು, ಉಳಿದೋರಾಗ ಕೆಲವರು ಊರು ಬಿಟ್ಟು ಹೋದ್ರು. ಐದು ಮನಿ ಇರೋ ಓಣಿಯಾಗ ಒಂದು ಮನಿ ಬಾಗಿಲು ಹಾಕಿದಂಗ.

ಟೆಂಪಲ್ ಈ ಪರೀಕ್ಷೆ ತಾನ ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನಾಗ 1834ರ ಬಡವರ ಕಾಯ್ದೆಯೊಳಗ ಇದ ಬುದ್ಧಿ ಇತ್ತು. ಸಹಾಯ ಬೇಕಂದ್ರ ದುಡಿಮೆ ಮನಿಗೆ ಬಾ, ಅಲ್ಲಿ ಬದುಕು ಹೊರಗಿನ ಕಡು ಬಡವನ ಬದುಕಿಗಿಂತ ಕೀಳಾಗಿರಬೇಕು, ಹಂಗಿದ್ರ ಯಾರೂ ಸುಮ್ಮಸುಮ್ಮನ ಬರಂಗಿಲ್ಲ ಅಂತ. ತಮ್ಮ ಬಡವರಿಗೆ ಹೊಲಿಸಿದ ಅಂಗಿಯನ್ನ ನಮ್ಮ ಬರಕ್ಕೂ ತೊಡಿಸಿದ್ರು.

ಆಮ್ಯಾಲೆ 1880ರ ಬರ ಆಯೋಗ ಬಂತು, ಅದರ ಬೆನ್ನಿಗೆ ಬರ ಸಂಹಿತೆ ಬಂತು. ದುಡಿಯೋರಿಗೆ ಕೆಲಸ, ಕೈಲಾಗದೋರಿಗೆ ಊರಾಗ ಪುಕ್ಕಟೆ ಕಾಳು ಇಲ್ಲಾ ಅನ್ನ ಅಂತ ಬರೆದಿಟ್ರು. ಪುಕ್ಕಟೆ ಕೊಡೋರ ಪಟ್ಟಿ ಮಾಡೋದು ಊರ ಅಧಿಕಾರಿಗಳ ಕೈಗೆ ಹೋತು. ಬರ ಬಂದಾಗ ಜನರನ್ನ ಉಳಿಸೋದು ಸರಕಾರದ ಹೊಣೆ ಅಂತ ಕಾಗದದ ಮ್ಯಾಲೆ ಬಂದದ್ದು ಇಷ್ಟು ಜನ ಸತ್ತ ಮ್ಯಾಲೆ. ಆದ್ರ ಪಟ್ಟಿಯೊಳಗ ಹೆಸರು ಬರಬೇಕಂದ್ರ ಶಾನುಭೋಗರ, ಗೌಡರ ಮನಸಿಗೆ ಬರಬೇಕಿತ್ತು.

ಗಂಜಿ, ಕೆಂಪು ಜೋಳ, ಕೇರ್ ಉಪ್ಪಿಟ್ಟು

ಎರಡನೇ ಮಹಾಯುದ್ಧದ ಕಾಲಕ್ಕ ರೇಷನ್ ಬಂತು. ಮದ್ರಾಸ್ ರಾಜ್ಯದಾಗ ರಾಜಾಜಿ 1952ರಾಗ ಆ ಕಟ್ಟಳೆ ತಗದರು. ಮುಂದಿನ ವರ್ಷ, 1953ರ ಅಕ್ಟೋಬರ್ 1ಕ್ಕ, ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕ ಸೇರಿದವು. 60ರ ದಶಕದಾಗ ಅಮೆರಿಕದ ಪಿ.ಎಲ್. 480 ಕರಾರಿನ ಮ್ಯಾಲೆ ಗೋಧಿ ಬಂತು, ಕೆಂಪು ಜೋಳ ಬಂತು. ಬಿಳಿ ಜೋಳದ ರೊಟ್ಟಿ ಉಂಡ ಬಾಯಿಗೆ ಆ ಕೆಂಪು ಜೋಳ ರುಚಿ ಹತ್ತಲಿಲ್ಲ, ತಟ್ಟಿದ್ರ ರೊಟ್ಟಿ ಸೀಳತಿತ್ತು ಅಂತ ಹಿರೇರು ಇನ್ನೂ ಹೇಳ್ತಾರ. ಸಾಲಿಯೊಳಗ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ಬಂತು. ಬರ ಬಿದ್ದ ವರ್ಷ ಗಂಜಿ ಕೇಂದ್ರ ತಗೀತಿದ್ರು. ಗಂಜಿಗೆ ಹೋದದ್ದನ್ನ ಹೇಳಿಕೊಳ್ಳಾಕ ಆ ಕಾಲದ ಹೆಣ್ಮಕ್ಕಳು ಹಿಂದ ಮುಂದ ನೋಡ್ತಾರ. "ಮಕ್ಕಳನ್ನ ಕಳಿಸಿದ್ವಿ, ನಾವು ಹೋಗಿಲ್ಲ" ಅಂತಾರ. ಹಸಿವು ಮುಚ್ಚಿಡೋದು ಮರ್ಯಾದಿ ಅಂತ ಕಲಿತ ಜನ ಅವರು.

ಕೇಳಿದ್ರ ಕೊಡೋದು ಬ್ಯಾರೆ, ಕೇಳೋ ಹಕ್ಕು ಬ್ಯಾರೆ

ನಮ್ಮ ಕಾಲದಾಗ ಬದಲಾದದ್ದು ಇದ. 2001ರ ನವೆಂಬರ್ 28ಕ್ಕ ಸುಪ್ರೀಂ ಕೋರ್ಟು, ಸರಕಾರಿ ಸಾಲಿ ಮಕ್ಕಳಿಗೆ ಬೇಯಿಸಿದ ಬಿಸಿ ಊಟ ಕೊಡಲೇಬೇಕು ಅಂತ ಆದೇಶ ಮಾಡಿತು. ನಮ್ಮ ರಾಜ್ಯದಾಗ 2002ರಲ್ಲಿ ಅದು ಮದಲು ಸುರುವಾದದ್ದು ಈಶಾನ್ಯ ಭಾಗದ ಏಳು ಜಿಲ್ಲೆಯೊಳಗ. ಬಳ್ಳಾರಿ ಅದರಾಗ ಒಂದು, ಹಂಗಾಗಿ ಕೂಡ್ಲಿಗಿ ತಾಲ್ಲೂಕಿಗೆ ಮದಲನೇ ಸುತ್ತಿನಾಗ ಬಂತು. ಹೆಸರು "ಅಕ್ಷರ ದಾಸೋಹ". ದಾಸೋಹ ಅಂತ ಹೆಸರಿಟ್ಟದ್ದಕ್ಕೋ ಏನೋ, ಆ ಊಟಕ್ಕ ಬಿಟ್ಟಿ ಅನ್ನೋರು ಕಡಿಮಿ. ಅಡಿಗಿ ಮಾಡಾಕಿಯ ಜಾತಿ ಕೇಳಿ ತಕರಾರು ತಗದ ಊರುಗಳ ಸುದ್ದಿ ಪೇಪರಿನಾಗ ಓದೀವಿ. ಆದ್ರೂ ಒಂದ ಸಾಲಿನಾಗ ಕುಂತು ಉಂಡ ಮಕ್ಕಳು ಈಗ ದೊಡ್ಡೋರಾಗಿ ತಮ್ಮ ಮಕ್ಕಳನ್ನ ಸಾಲಿಗೆ ಕಳಸಾಕ ಹತ್ಯಾರ.

2005ರ ಉದ್ಯೋಗ ಖಾತ್ರಿ ಕಾಯ್ದೆ ಇನ್ನೊಂದು. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯೊಳಗಿದ್ದದ್ದಕ್ಕ 2006ರಾಗ ಅಲ್ಲಿಗೆ ಮದಲು ಬಂತು, ಬಳ್ಳಾರಿ ಜಿಲ್ಲೆಗೆ ಮುಂದಿನ ವರ್ಷ. ಅದರಾಗಿನ ಎರಡು ಮಾತು ಟೆಂಪಲ್ಲನ ಪಕ್ಕ ಇಟ್ಟು ನೋಡ್ರಿ. ಒಂದು, ಗಂಡಾಳಿಗೂ ಹೆಣ್ಣಾಳಿಗೂ ಒಂದ ಕೂಲಿ. ಎರಡು, ಊರಿಂದ ಐದು ಕಿಲೋಮೀಟರ್ ಒಳಗ ಕೆಲಸ ಕೊಡಬೇಕು, ದೂರ ಕೊಟ್ರ ಹತ್ತು ಪರ್ಸೆಂಟ್ ಜಾಸ್ತಿ ಕೂಲಿ. 1877ರಾಗ ದೂರ ಅನ್ನೋದು ಹಸಿದೋನಿಗೆ ಪರೀಕ್ಷೆ, 2005ರಾಗ ಅದು ಸರಕಾರಕ್ಕ ದಂಡ.

2013ರ ಜುಲೈ 10ಕ್ಕ ಅನ್ನಭಾಗ್ಯ ಬಂತು, ಕೇಜಿಗೆ ಒಂದು ರೂಪಾಯಿಯಂಗ. 2015ರ ಮೇ ತಿಂಗಳಿಂದ ಆ ಒಂದು ರೂಪಾಯಿನೂ ತಗದ್ರು. ಅದ 2013ರ ಆಹಾರ ಭದ್ರತಾ ಕಾಯ್ದೆ ಮನಿಯ ಹಿರೇ ಹೆಣ್ಣುಮಗಳನ್ನ ಕಾರ್ಡಿನ ಯಜಮಾನಿ ಮಾಡಿತು. ಹೊಲದ ಪಹಣಿಯೊಳಗ, ಮನಿ ಪಟ್ಟಾದೊಳಗ ಹೆಸರಿಲ್ಲದ ಎಷ್ಟೋ ನಮ್ಮಂಥೋರಿಗೆ "ಯಜಮಾನಿ" ಅಂತ ಬರೆದ ಮದಲನೇ ಕಾಗದ ಅದು. 2023ರ ಆಗಸ್ಟ್ 30ಕ್ಕ ಮೈಸೂರಿನಾಗ ಗೃಹಲಕ್ಷ್ಮಿ ಸುರುವಾದಾಗ ಎರಡು ಸಾವಿರ ಬಂದದ್ದು ಆ ಯಜಮಾನಿ ಖಾತೆಗೆ. ಆ ವರ್ಷ ಮಳಿನೂ ಕೈಕೊಟ್ಟಿತ್ತು. ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸಾರಿದ್ರು. ಶೇಂಗಾ ಹೊಲದಾಗ ಒಣಗಿತು, ಮೆಕ್ಕೆಜೋಳ ತೆನಿ ಕಟ್ಟಲಿಲ್ಲ. ಆದ್ರ ನಮ್ಮ ಊರಾಗ ಯಾರೂ ಗಂಜಿಗೆ ಸಾಲು ಹಚ್ಚಲಿಲ್ಲ. ಬರದ ವರ್ಷ ಒಲಿ ಉರಿದದ್ದು ಕಣ್ಣಿಗೆ ಬೀಳೋ ಸುದ್ದಿ ಅಲ್ಲ, ಅದಕ್ಕ ಅದನ್ನ ಯಾರೂ ಮಾತಾಡಲಿಲ್ಲ.

ಬೈಯೋರ ಮಾತಿನಾಗೂ ಹುರುಳೈತಿ

ಗ್ಯಾರಂಟಿ ಬ್ಯಾಡ ಅನ್ನೋರೆಲ್ಲಾ ಕಲ್ಲೆದೆಯವರು ಅಂತ ನಾ ಹೇಳಂಗಿಲ್ಲ. 2024-25ರ ಬಜೆಟ್ಟಿನಾಗ ಐದು ಗ್ಯಾರಂಟಿಗೆ ಸುಮಾರು 52 ಸಾವಿರ ಕೋಟಿ ಇಟ್ರು. ಅಷ್ಟು ರೊಕ್ಕದಾಗ ಎಷ್ಟು ಕೆರಿ ತುಂಬಿಸಬಹುದಿತ್ತು, ಎಷ್ಟು ಮಾಸ್ತರನ್ನ ನೇಮಿಸಬಹುದಿತ್ತು ಅಂತ ಕೇಳೋದು ನ್ಯಾಯ. ಮಳಿ ನಂಬಿದ ಕೂಡ್ಲಿಗಿಯವರಿಗೆ ಕೆರಿ ನೀರು ಎರಡು ಸಾವಿರಕ್ಕಿಂತ ದೊಡ್ಡದು ಅನ್ನಿಸಿದ್ರ ಅದನ್ನ ತಪ್ಪು ಅನ್ನಾಕ ಬರಂಗಿಲ್ಲ. ಮನಿ ಮುಂದ ಕಾರು ನಿಂತೋರ ಹೆಸರೂ ಬಿಪಿಎಲ್ ಪಟ್ಟಿಯೊಳಗ ಐತಿ ಅನ್ನೋ ಸಿಟ್ಟೂ ಸುಳ್ಳಲ್ಲ.

ಇನ್ನೊಂದು ಮಾತು, ಆಳು ಸಿಗಂಗಿಲ್ಲ ಅನ್ನೋದು. ಶೇಂಗಾ ಬಿಡಸಾಕ ಕರೆದ್ರ ಬರವೊಲ್ಲರು, ಎರಡು ಸಾವಿರ ಬಂದು ಸೊಕ್ಕು ಬಂದೈತಿ ಅಂತಾರ. ಲೆಕ್ಕ ಹಾಕ್ರಿ. ತಿಂಗಳಿಗೆ ಎರಡು ಸಾವಿರ ಅಂದ್ರ ದಿನಕ್ಕ 66 ರೂಪಾಯಿ. ಅಷ್ಟರಾಗ ಯಾರೂ ಕುಂತು ಉಣ್ಣಾಕ ಆಗಂಗಿಲ್ಲ. ಹೋದ ವರ್ಷದ ಕೂಲಿಗೆ ಬರಂಗಿಲ್ಲ, ಇಪ್ಪತ್ತು ಜಾಸ್ತಿ ಕೊಡ್ರಿ ಅಂತ ಕೇಳೋ ಧೈರ್ಯ ಬಂದಿರಬಹುದು. ಹಿಡುವಳಿದಾರರ ಮನ್ಯಾಗ ಹುಟ್ಟಿದ ನಮಗ ಅದು ಸೊಕ್ಕಿನಂಗ ಕಾಣತೈತಿ.

ಹಿಡುವಳಿ ಮನಿಯ ನಾವು ತಗೋಳೋದನ್ನೂ ಎಣಸೋಣ. ಹತ್ತು ಎಚ್.ಪಿ. ತನಕ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. 45 ಕೇಜಿ ಯೂರಿಯಾ ಚೀಲಕ್ಕ ಸರಕಾರಿ ದರ 270 ರೂಪಾಯಿಯೊಳಗ, ಅದರ ಖರೇ ಖರ್ಚು ಅದಕ್ಕ ಎಷ್ಟೋ ಪಟ್ಟು, ಉಳಿದದ್ದನ್ನ ಸರಕಾರ ಕಂಪನಿಗೆ ಕಟ್ಟತೈತಿ. ಇದಕ್ಕ ನಾವು ಸಬ್ಸಿಡಿ ಅಂತೀವಿ. ಭೂಮಿ ಇದ್ದೋರಿಗೆ ಬಂದ್ರ ಸಬ್ಸಿಡಿ, ಭೂಮಿ ಇಲ್ಲದೋರಿಗೆ ಬಂದ್ರ ಬಿಟ್ಟಿ. ಇನ್ನು ನಾವು ಹೆಣ್ಮಕ್ಕಳು ಮನ್ಯಾಗ ಮಾಡೋ ದುಡಿಮೆಗೆ ಕೂಲಿ ಕಟ್ಟಿದ್ರ, ಹಳೇ ಅರ್ಥದ ಬಿಟ್ಟಿ ಯಾರು ಯಾರಿಗೆ ಕೊಡಾಕ ಹತ್ಯಾರ ಅನ್ನೋದು ನಿಮಗ ಬಿಟ್ಟದ್ದು.

ಹೆಬ್ಬೆಟ್ಟಿನ ಪರೀಕ್ಷೆ

ದೂರದ ಪರೀಕ್ಷೆ ಹೋತು ಅಂತ ನಾವು ಸುಮ್ಮನ ಕೂಡಾಕ ಆಗಂಗಿಲ್ಲ. ಅದರ ಜಾಗಕ್ಕ ಹೆಬ್ಬೆಟ್ಟಿನ ಪರೀಕ್ಷೆ ಬಂದೈತಿ. ನಮ್ಮ ಓಣಿಯಾಗ ಒಬ್ಬ ಅಜ್ಜಿ ಅದಾಳ. ಗಂಡ ತೀರಿ ಎಷ್ಟೋ ವರ್ಷ ಆತು, ಮಗ ಸೊಸಿ ಬೆಂಗಳೂರಿಗೆ ಗಾರೆ ಕೆಲಸಕ್ಕ ಹೋಗ್ಯಾರ. ಜೀವನ ಪೂರ್ತಿ ಕಳೆ ತಗದು, ಶೇಂಗಾ ಸುಲಿದು, ಪಾತ್ರಿ ತಿಕ್ಕಿ ಬೆರಳಿನ ಗೆರಿ ಸವದು ನುಣ್ಣಗಾಗ್ಯಾವ. ಮಿಷನ್ ಮ್ಯಾಲೆ ಹೆಬ್ಬೆಟ್ಟು ಇಟ್ರ ಕೆಂಪು ದೀಪ. ಒಂದು ಬಾರಿ ಮೂರು ದಿನ ಅಡ್ಡಾಡಿ ಖಾಲಿ ಚೀಲ ಹಿಡಕೊಂಡು ಬಂದಳು. "ನಾ ಸತ್ತೀನಂತ ತಿಳಕೊಂಡೈತೇನವ್ವ ಅದು?" ಅಂತ ಕೇಳಿದಳು. ಹೆಚ್ಚು ದುಡಿದ ಕೈಗೆ ಅಕ್ಕಿ ಇಲ್ಲ, ಯಾಕಂದ್ರ ದುಡಿದು ದುಡಿದು ಗುರುತು ಅಳಿಸಿ ಹೋಗೈತಿ.

ಕಳ್ಳ ಕಾರ್ಡು ತಡಿಯಾಕ ಗುರುತು ನೋಡಬೇಕು, ಖರೆ. ಟೆಂಪಲ್ಲನೂ ಸೋಮಾರಿಗಳನ್ನ ತಡೀತೀನಿ ಅಂತನ ಬಂದಿದ್ದ. ಈ ಕಥಿಯಿಂದ ನಾ ತಿಳಕೊಂಡದ್ದು ಇಷ್ಟ: ಕೊಡೋ ಕಾಲಕ್ಕ ಎಲ್ಲರೂ "ಬ್ಯಾಡಾದೋರು ಎಷ್ಟು ಮಂದಿ ತಗೊಂಡ್ರು" ಅಂತ ಎಣಸ್ತಾರ, "ಬೇಕಾದೋರು ಎಷ್ಟು ಮಂದಿಗೆ ತಪ್ಪಿತು" ಅಂತ ಎಣಸೋರು ಕಡಿಮಿ. 1877ರಾಗ ಎರಡನೇ ಲೆಕ್ಕ ಗೊತ್ತಾಗಾಕ ಮುಂದಿನ ಜನಗಣತಿ ತನಕ ಕಾಯಬೇಕಾತು. ನಮಗ ಅಷ್ಟು ದೂರ ಹೋಗೋ ಕೆಲಸ ಇಲ್ಲ, ಓಣಿಯಾಗ ಕಣ್ಣು ಹಾಯಿಸಿದ್ರ ಸಾಕು.

ಹಂಗಾಗಿ ಒಂದು ಮಾತು ಕೇಳ್ತೀನಿ. ರೇಷನ್ ಕೊಡೋ ವಾರ ನಿಮ್ಮ ಮಗ್ಗುಲು ಮನಿಯ ವಯಸಾದೋರನ್ನ ಕೇಳ್ರಿ: ಅಕ್ಕಿ ಬಂತೋ, ಪಿಂಚಣಿ ಬಂತೋ, ಗೃಹಲಕ್ಷ್ಮಿ ಕಂತು ಎಷ್ಟು ತಿಂಗಳಿಂದ ನಿಂತೈತಿ. ಬೆರಳು ಹತ್ತದಿದ್ರ ಆಧಾರ್ ಕೇಂದ್ರಕ್ಕ ಕರಕೊಂಡು ಹೋಗಿ ಬೆರಳಚ್ಚು ಹೊಸದಾಗಿ ಕೊಡಸ್ರಿ, ಮೊಬೈಲ್ ನಂಬರ್ ಜೋಡಿಸ್ರಿ. ಬಸ್ಸಿಗೆ ನಮಗ ಹೆಂಗೂ ಟಿಕೆಟ್ ರೊಕ್ಕ ಇಲ್ಲ. ನಮ್ಮ ಓಣಿ ಅಜ್ಜಿಯನ್ನ ನಾನೂ ಪಕ್ಕದ ಮನಿ ಅಕ್ಕನೂ ಹಂಗ ಕರಕೊಂಡು ಹೋಗಿ ಬಂದ್ವಿ, ಈಗ ಆಕಿಗೆ ಅಕ್ಕಿ ಸಿಗಾಕ ಹತ್ಯಾವ.

ನಿಮ್ಮ ಮನ್ಯಾಗ ಗಂಜಿ ಕೇಂದ್ರ ಕಂಡೋರು, ಕೆಂಪು ಜೋಳದ ರೊಟ್ಟಿ ತಟ್ಟಿದೋರು ಇದ್ರ ಒಂದಿನ ಪುರಸೊತ್ತು ಮಾಡಿ ಕೇಳಿಟ್ಟುಕೊಳ್ರಿ. ನಾಚಿಕಿ ಪಡಬ್ಯಾಡ ಯವ್ವ ಅಂತ ಹೇಳಿ ಕೇಳ್ರಿ. ಮುಂದಿನ ಸಲ ಆ ಕೆಂಪು ಜೋಳದ ಹಿಟ್ಟನ್ನ ಹೆಂಗ ನಾದಿ ರೊಟ್ಟಿ ಸೀಳದಂಗ ಮಾಡ್ತಿದ್ರು ಅನ್ನೋದನ್ನ ಬರೀಬೇಕಂತ ಮಾಡೀನಿ.